20 ಜಿಬಿಯ ಜೆಮೀಟರ್ ರಿಸಲ್ಟ್ ಫೈಲ್ ತೆರೆಯೋದು ಹೇಗೆ?

ಸರ್ವರ್ ಎಷ್ಟು ಹೊರೆ ತಡೆಯುತ್ತದೆ ಎಂದು ಪರೀಕ್ಷಿಸುವ ಜೆಮೀಟರ್‌ನಲ್ಲಿ ಸೆಕೆಂಡಿಗೆ 500 ರಿಕ್ವೆಸ್ಟ್‌ನಂತೆ ಎಂಟು ಗಂಟೆ ಟೆಸ್ಟ್ ಓಡಿಸಿದೆ, ರಿಸಲ್ಟ್ ಬರೆದಿಡುವ ಜೆಟಿಎಲ್ ಫೈಲ್ 20 ಜಿಬಿ ಆಯಿತು, ಎಕ್ಸೆಲ್‌ನಲ್ಲಿ ತೆರೆಯುತ್ತಿಲ್ಲ ಅಂತ ಕೇಳಿದ್ದೀರಿ. ತೆರೆಯೋದೇ ಬೇಡ. ಎಕ್ಸೆಲ್‌ನ ಒಂದು ಶೀಟಿಗೆ ಹಿಡಿಸೋದು 10,48,576 ಸಾಲು. ನಿಮ್ಮದು ರಿಕ್ವೆಸ್ಟಿಗೊಂದು ಸಾಲಿನಂತೆ 1.44 ಕೋಟಿ.

ಆದರೆ ಸಾಲಿಗೆ 150 ಬೈಟ್ ಹಿಡಿದರೂ ಎರಡು ಜಿಬಿ ಚಿಲ್ಲರೆ ಆಗಬೇಕು. ಇಪ್ಪತ್ತು ಹೇಗಾಯಿತು? ನನ್ನ ಅನುಮಾನ: ಫೈಲ್ ಎಕ್ಸ್‌ಎಂಎಲ್‌ನಲ್ಲಿದೆ (ಟ್ಯಾಗ್ ಹಾಕಿ ಬರೆಯುವ ಫಾರ್ಮ್ಯಾಟ್), ರೆಸ್ಪಾನ್ಸ್ ಬಾಡಿಯೂ, ಅಂದರೆ ಸರ್ವರ್ ಕಳಿಸಿದ ಉತ್ತರದ ಒಳಹೂರಣವೂ, ಅದರೊಳಗೆ ಕೂತಿದೆ. ಸಿಎಸ್‌ವಿ (ಕಾಮಾ ಹಾಕಿ ಬೇರ್ಪಡಿಸಿದ ಸಾದಾ ಸಾಲುಗಳು) ಆಗಿದ್ದರೆ ಬಾಡಿ ಉಳಿಯುತ್ತಲೇ ಇರಲಿಲ್ಲ. ಇನ್ನೊಂದು ಸಾಧ್ಯತೆಯೂ ಇದೆ. ಹಳೇ ಹೆಸರನ್ನೇ ಕೊಟ್ಟರೆ ಜೆಮೀಟರ್ ಹೊಸ ರಿಸಲ್ಟನ್ನು ಹಳೇದರ ಬಾಲಕ್ಕೆ ಅಂಟಿಸುತ್ತದೆ. ಹಾಗಾಗಿ ಪ್ರತಿ ರನ್ನಿಗೂ ಬೇರೆ ಹೆಸರು ಕೊಡಿ.

ನಾನೂ ಇದರಲ್ಲಿ ಪೆಟ್ಟು ತಿಂದವನೇ. ಮೈಸೂರಿನ ಹೆಬ್ಬಾಳದಲ್ಲಿ ನಮ್ಮ ಆಫೀಸು. ಒಮ್ಮೆ ರಾತ್ರಿ ಟೆಸ್ಟ್ ಹಚ್ಚಿ ಮನೆಗೆ ಹೋದೆ. ಪ್ರತಿ ರಿಕ್ವೆಸ್ಟಿನ ಪೂರ್ತಿ ವಿವರ ಹಿಡಿದಿಡುವ 'ವ್ಯೂ ರಿಸಲ್ಟ್ಸ್ ಟ್ರೀ'ಯನ್ನು ಟೆಸ್ಟಿನಿಂದ ತೆಗೆಯೋದು ಮರೆತಿದ್ದೆ, ಸಾಲದ್ದಕ್ಕೆ ಅದನ್ನೆಲ್ಲ ಬರೆಯೋಕೆ ಒಂದು ಫೈಲ್ ಹೆಸರನ್ನೂ ಕೊಟ್ಟಿದ್ದೆ. ಬೆಳಿಗ್ಗೆ ಬಂದು ನೋಡಿದರೆ ಡಿಸ್ಕ್ ಭರ್ತಿ, ಕೊನೆಯ ಮೂರು ಗಂಟೆಯ ಲೆಕ್ಕವೇ ಇಲ್ಲ. ಮ್ಯಾನೇಜರ್ ಏನೂ ಅನ್ನಲಿಲ್ಲ, ಸುಮ್ನೆ ಕಾಫಿ ಕುಡಿಯೋಕೆ ಕರೆದುಕೊಂಡು ಹೋದರು. ಅದೇ ಜಾಸ್ತಿ ಚುಚ್ಚಿತು.

ಈಗಿರುವ ಫೈಲಿಗೆ ಪೈಥಾನ್‌ನಲ್ಲಿ ಎಕ್ಸ್‌ಎಂಎಲ್ ಓದುವ ಐಟರ್‌ಪಾರ್ಸ್ ಎಂಬ ಫಂಕ್ಷನ್ ಬಳಸಿ. ಇಡೀ ಫೈಲನ್ನು ಮೆಮೊರಿಗೆ ಎಳೆಯದೆ ಒಂದೊಂದೇ ಸ್ಯಾಂಪಲ್ (ಒಂದು ರಿಕ್ವೆಸ್ಟಿನ ದಾಖಲೆ) ಓದಬಹುದು. ಓದಿದ್ದನ್ನು ಅಲ್ಲಲ್ಲೇ ಕ್ಲಿಯರ್ ಮಾಡಿ, ಇಲ್ಲದಿದ್ದರೆ ಮತ್ತೆ ಮೆಮೊರಿ ತುಂಬುತ್ತದೆ. ಸಮಯ, ಲೇಬಲ್, ತಗುಲಿದ ಮಿಲಿಸೆಕೆಂಡ್, ರೆಸ್ಪಾನ್ಸ್ ಕೋಡ್, ಪಾಸೋ ಫೇಲೋ: ಇಷ್ಟನ್ನು ಸಿಎಸ್‌ವಿಗೆ ಬರೆದುಕೊಳ್ಳಿ. ಆ ಸಿಎಸ್‌ವಿಯನ್ನು ಡಕ್‌ಡಿಬಿ ಎಂಬ ಡೇಟಾಬೇಸಿಗೆ ಕೊಟ್ಟರೆ ಲ್ಯಾಪ್‌ಟಾಪಿನಲ್ಲೇ ಕ್ವೆರಿ ಹಾಕಬಹುದು.

ಒಂದು ಕಡೆ ಮಾತ್ರ ಹುಷಾರು. ಫೈಲನ್ನು ಗಂಟೆಗೊಂದರಂತೆ ತುಂಡು ಮಾಡಿ, ಪ್ರತಿ ತುಂಡಿನ 95ನೇ ಪರ್ಸೆಂಟೈಲ್ (ನೂರಕ್ಕೆ 95 ರಿಕ್ವೆಸ್ಟ್ ಎಷ್ಟು ಸಮಯದೊಳಗೆ ಮುಗಿದವು ಎಂಬ ಅಂಕಿ) ತೆಗೆದು, ಕೊನೆಗೆ ಅವುಗಳ ಸರಾಸರಿ ಹಾಕುವವರಿದ್ದಾರೆ. ಅದು ತಪ್ಪು. ರಿಕ್ವೆಸ್ಟ್ ಎಣಿಕೆ, ಎರರ್ ಎಣಿಕೆಗಳನ್ನು ಕೂಡಬಹುದು, ಪರ್ಸೆಂಟೈಲನ್ನು ಹಾಗೆ ಕೂಡಿ ಭಾಗಿಸೋಕೆ ಬರಲ್ಲ. ಒಂದೇ ಗಂಟೆ ಸರ್ವರ್ ಒದ್ದಾಡಿದ್ದರೆ ಆ ಸರಾಸರಿಯಲ್ಲಿ ಅದು ಮುಚ್ಚಿಹೋಗುತ್ತದೆ, ಅಲ್ವಾ? ಇಡೀ ಅವಧಿಯ ಅಂಕಿ ಬೇಕಿದ್ದರೆ ಎಲ್ಲ ಸಾಲನ್ನೂ ಒಟ್ಟಿಗೆ ಇಟ್ಟೇ ಲೆಕ್ಕ ಹಾಕಿ.

ಮುಂದಿನ ಸಲ ಜಿಯುಐ (ಜೆಮೀಟರಿನ ಬಟನ್, ಮೆನು ಇರುವ ಪರದೆ) ಇಲ್ಲದೆ ಕಮಾಂಡ್ ಲೈನಿನಲ್ಲಿ ಓಡಿಸಿ, ಔಟ್‌ಪುಟ್ ಸಿಎಸ್‌ವಿ ಇರಲಿ. ಜೆಮೀಟರಿನ ಎಚ್‌ಟಿಎಂಎಲ್ ರಿಪೋರ್ಟಿಗೂ ಸಿಎಸ್‌ವಿಯೇ ಬೇಕು. ಮೂಲ ಫೈಲನ್ನು ಜಿಜಿಪ್ ಬಳಸಿ ಕುಗ್ಗಿಸಿ ಬೇರೆ ಡಿಸ್ಕಿಗೆ ಹಾಕಿ. ಟೀಮು ರಿಪೋರ್ಟ್ ಒಪ್ಪುವವರೆಗೂ ಅಳಿಸಬೇಡಿ.