ಹಂಚಿನ ಮನೆಯ ಅಂಚಿನ ಗಾರೆ ಉದುರುತ್ತಿದೆ. ಮೇಲೆ ಸಿಮೆಂಟ್ ಎಳೆದರೆ ಸಾಕೇ?

ಸಾಕಾಗುವುದಿಲ್ಲ. ಒಂದು ಮಳೆಗಾಲದ ಮಟ್ಟಿಗೆ ಮರ್ಯಾದೆ ಉಳಿದೀತು, ಅಷ್ಟೆ.

ತೀರ್ಥಹಳ್ಳಿ ಕಡೆಯ ಹಳೆಯ ಮನೆ, ಪಕ್ಕದ ತ್ರಿಕೋನದ ಗೋಡೆಯ ಮೇಲೆ ಹಂಚಿನ ಸಾಲು ಮುಗಿಯುವಲ್ಲಿ ತುಂಬಿದ್ದ ಗಾರೆ ಪುಡಿಯಾಗಿ ಅಂಗಳಕ್ಕೆ ಬೀಳುತ್ತಿದೆ, ಮೇಸ್ತ್ರಿಗಳು ಅದರ ಮೇಲೆಯೇ ಗಟ್ಟಿ ಸಿಮೆಂಟ್ ಎಳೆದುಬಿಡೋಣ ಎನ್ನುತ್ತಿದ್ದಾರೆ ಎಂದು ಬರೆದಿದ್ದೀರಿ. ನಮ್ಮದೂ ಮಲೆನಾಡಿನ ಹಂಚಿನ ಮನೆಯೇ. ಈ ‘ಗಟ್ಟಿ’ ಎಂಬುದರಲ್ಲೇ ತಕರಾರು ಇರುವುದು. ಪಕ್ಕಾಸು (ಮಾಡಿನ ಇಳಿಜಾರಿಗೆ ಹಾಕಿದ ಮರ), ರೀಪುಗಳು (ಅದರ ಮೇಲೆ ಅಡ್ಡಲಾಗಿ ಹೊಡೆದು ಹಂಚು ಕೂರಿಸುವ ಮರದ ಪಟ್ಟಿ) ಮಳೆಗಾಲದಲ್ಲಿ ತೇವ ಕುಡಿದು ಉಬ್ಬುತ್ತವೆ, ಬೇಸಿಗೆಯಲ್ಲಿ ಒಣಗಿ ಕುಗ್ಗುತ್ತವೆ. ಗೋಡೆ ಮಾತ್ರ ಇದ್ದಲ್ಲೇ ಇರುತ್ತದೆ. ಇವೆರಡರ ನಡುವೆ ಸಿಕ್ಕಿಕೊಂಡ ಗಾರೆಗೆ ಸ್ವಲ್ಪ ಬಾಗುವ ಗುಣ ಇರಬೇಕು. ಸಿಮೆಂಟ್ ಹೆಚ್ಚಾದಷ್ಟೂ ಅದು ಬಾಗದೆ ಬಿರುಕು ಬಿಡುತ್ತದೆ. ಕೂದಲೆಳೆಯಷ್ಟು ಬಿರುಕು ಸಾಕು, ಗಾಳಿಮಳೆಯ ನೀರು ಒಳಗೆ ಸೇರುತ್ತದೆ, ಹೊರಗೆ ಆರಲು ದಾರಿ ಸಿಗುವುದಿಲ್ಲ. ಆಮೇಲೆ ಕೊಳೆಯುವುದು ಗಾರೆಯಲ್ಲ, ರೀಪು.

ಆದ್ದರಿಂದ ಮೊದಲು ಅಟ್ಟ ಹತ್ತಿ. ಟಾರ್ಚ್ ಹಿಡಿದು ಗೋಡೆಗೆ ತಾಗಿದ ರೀಪಿನ ತುದಿಗಳನ್ನು ಒಂದೊಂದಾಗಿ ನೋಡಿ, ಸ್ಕ್ರೂಡ್ರೈವರಿನ ಮೊನೆಯಿಂದ ಚುಚ್ಚಿ. ಮೊನೆ ಸಲೀಸಾಗಿ ಇಳಿದರೆ ಅಥವಾ ಗೆದ್ದಲಿನ ಮಣ್ಣಿನ ಗೆರೆ ಕಂಡರೆ ಮೊದಲು ಕರೆಯಬೇಕಾದದ್ದು ಬಡಗಿಯನ್ನು. ಹೊರಗಿನಿಂದ ಅಂಚಿನ ಹಂಚನ್ನು ಹೆಬ್ಬೆರಳಿನಲ್ಲಿ ಒತ್ತಿದಾಗ ಅದು ತೊನೆದರೂ ಅದೇ ಮಾತು. ತೊನೆಯುವ ಹಂಚಿನ ಕೆಳಗೆ ಎಂಥ ಗಾರೆಯೂ ನಿಲ್ಲುವುದಿಲ್ಲ.

ಮರ ಸರಿಯಿದ್ದರೆ ಸಡಿಲವಾದ ಹಳೆಯ ಗಾರೆಯನ್ನೆಲ್ಲ ಸಣ್ಣ ಉಳಿಯಿಂದ ಕನಿಷ್ಠ ಒಂದು ಇಂಚು ಆಳಕ್ಕೆ ತೆಗೆಸಿ. ಉಳಿಯನ್ನು ಹಂಚಿಗೆ ಆನಿಸಿ ಮೀಟಬಾರದು, ಹಂಚಿನ ಕಿವಿ (ಅಂಚಿನ ಚಾಚು) ಮುರಿಯುತ್ತದೆ. ಮುರಿದರೆ ಪೇಟೆಯಿಂದ ಹೊಸದು ತಂದು ಕೂರಿಸುವುದು ನೀವಂದುಕೊಂಡಷ್ಟು ಸುಲಭವಲ್ಲ. ಸ್ವಿಟ್ಜರ್ಲೆಂಡಿನ ಕ್ರೈಸ್ತ ಸಂಸ್ಥೆಯಾದ ಬಾಸೆಲ್ ಮಿಷನ್ನಿನವರು 1865ರಲ್ಲಿ ಮಂಗಳೂರಿನಲ್ಲಿ ಮೊದಲ ಹಂಚಿನ ಕಾರ್ಖಾನೆ ತೆರೆದ ಮೇಲೆ ಕರಾವಳಿಯಲ್ಲಿ ಎಷ್ಟೋ ಕಾರ್ಖಾನೆಗಳು ಹುಟ್ಟಿದವು. ಒಂದರ ಹಂಚಿನ ತೋಡು ಇನ್ನೊಂದರದಕ್ಕೆ ಸರಿಯಾಗಿ ಕೂರುವುದಿಲ್ಲ. ನಿಮ್ಮ ಹಂಚನ್ನು ಮಗುಚಿ ನೋಡಿ, ಕಾರ್ಖಾನೆಯ ಹೆಸರು ಅಚ್ಚೊತ್ತಿರುತ್ತದೆ. ಅದನ್ನು ನೋಡಿಕೊಂಡು ಊರಿನಲ್ಲಿ ಕೆಡವಿದ ಮನೆಗಳ ಹಂಚಿನಲ್ಲಿ ಹುಡುಕುವುದೇ ಒಳ್ಳೆಯದು.

ಮಿಶ್ರಣಕ್ಕೆ ಒಂದೇ ಡಬ್ಬಿಯ ಅಳತೆಯಲ್ಲಿ ಒಂದು ಪಾಲು ಸಿಮೆಂಟ್, ಒಂದು ಪಾಲು (ನೀರು ಹಾಕಿ) ಅರಳಿದ ಸುಣ್ಣ, ಆರು ಪಾಲು ಜರಡಿ ಹಿಡಿದ ಮರಳು. ನದಿ ಮರಳು ಸಿಗದಿದ್ದರೆ ಗಿಲಾವಿಗೆಂದೇ ಮಾರುವ ನಯವಾದ ಎಂ-ಸ್ಯಾಂಡ್ (ಕಲ್ಲು ಪುಡಿ ಮಾಡಿ ತಯಾರಿಸಿದ ಮರಳು) ಸಾಕು. ಕಡಲ ದಂಡೆಯ ಮರಳು, ಅದರ ಉಪ್ಪಿನ ದೆಸೆಯಿಂದ, ಬೇಡವೇ ಬೇಡ. ಸುಣ್ಣದ ಕಲ್ಲನ್ನು ಮನೆಯಲ್ಲೇ ಅರಳಿಸುವುದಾದರೆ ಅದು ಕೊತಕೊತ ಕುದಿದು ಸಿಡಿಯುತ್ತದೆ, ಕಣ್ಣಿಗೆ ಕನ್ನಡಕವಿರಲಿ, ಮಕ್ಕಳು ದೂರವಿರಲಿ. ಕಲಸಿದ ಗಾರೆ ಚಪಾತಿ ಹಿಟ್ಟಿಗಿಂತ ತುಸು ಸಡಿಲವಾಗಿರಬೇಕು. ಕರಣೆಯನ್ನು ಓರೆ ಮಾಡಿದರೂ ಜಾರಬಾರದು. ಒಂದು ಗಂಟೆಯಲ್ಲಿ ಮುಗಿಯುವಷ್ಟನ್ನೇ ಕಲಸಲಿ. ಬಿಗಿದ ಮೇಲೆ ನೀರು ಚಿಮುಕಿಸಿ ಮತ್ತೆ ಮೆತ್ತಗೆ ಮಾಡುವ ಚಾಳಿ ಅನೇಕರಿಗಿದೆ, ಅದಕ್ಕೆ ಅವಕಾಶ ಕೊಡಬೇಡಿ.

ಸಂದನ್ನು ಗುಡಿಸಿ, ಗೋಡೆ ಮತ್ತು ಹಂಚು ಎರಡನ್ನೂ ಚೆನ್ನಾಗಿ ನೆನೆಸಿ ತುಂಬಬೇಕು. ಒಣ ಹಂಚು ಗಾರೆಯ ನೀರನ್ನು ಕ್ಷಣದಲ್ಲಿ ಹೀರಿಕೊಳ್ಳುತ್ತದೆ, ಹಿಡಿತ ಬರುವುದಿಲ್ಲ. ಆಳ ಹೆಚ್ಚಿರುವಲ್ಲಿ ನೆನೆಸಿದ ಹಂಚಿನ ಚೂರುಗಳನ್ನು ಒಳಗೆ ಒತ್ತಿ ಎರಡು ಪದರದಲ್ಲಿ ತುಂಬಿದರೆ ಕುಗ್ಗುವುದು ಕಡಿಮೆ. ಗಾರೆಯ ಮುಖ ಹಂಚಿನ ಅಂಚಿಗಿಂತ ಒಳಗೇ ನಿಲ್ಲಬೇಕು, ಆಗ ನೀರು ಹಂಚಿನ ತುದಿಯಿಂದ ನೇರ ಕೆಳಗೆ ತೊಟ್ಟಿಕ್ಕುತ್ತದೆ. ಅಂದವಾಗಿ ಕಾಣಲೆಂದು ಹಂಚಿನ ಮೇಲ್ಮೈಗೂ ಬಳಿಯುತ್ತಾರಲ್ಲ, ಮೊದಲು ಏಳುವುದು ಆ ಭಾಗವೇ.

ಆಮೇಲೆ ಗೋಣಿಚೀಲ ಹೊದಿಸಿ ಒಂದು ವಾರ ಒದ್ದೆಯಾಗಿಡಿ. ದೀಪಾವಳಿ ಕಳೆದ ಮೇಲೆ, ಶಿವರಾತ್ರಿಯ ಒಳಗೆ ಈ ಕೆಲಸ ಮುಗಿಸಿದರೆ ವಾಸಿ. ಏಪ್ರಿಲ್ ಬಿಸಿಲಿನಲ್ಲಿ ಗಾರೆ ಬಿಗಿಯುವ ಮೊದಲೇ ಒಣಗುತ್ತದೆ. ಮಳೆ ಹಿಡಿದುಬಿಟ್ಟಿದ್ದರೆ ಈಗ ತಾಡಪಾಲು ಕಟ್ಟಿ ಸುಮ್ಮನಿರಿ, ಪಾಚಿ ಹಿಡಿದ ಹಂಚಿನ ಮೇಲೆ ಯಾರನ್ನೂ ಹತ್ತಿಸಬೇಡಿ. ಒಣ ದಿನಗಳಲ್ಲೂ ಹಂಚಿನ ಮೇಲೆ ಏಣಿ ಮಲಗಿಸಿ ಅದರ ಮೇಲೆ ಕೂತೇ ಕೆಲಸ ಮಾಡಲಿ.

ಮೇಸ್ತ್ರಿಗಳು ಸುಣ್ಣ ಬೆರೆಸಲು ಒಪ್ಪದಿದ್ದರೆ ಕಾರಣ ಬಹುತೇಕ ಕೈ ಉರಿ. ಒಂದು ಜೊತೆ ರಬ್ಬರ್ ಕೈಗವಸು ತಂದುಕೊಡಿ. ರೀಪಿನ ತುದಿಗಳು ಹೇಗಿವೆ ಎಂದು ನೋಡಿದ ಮೇಲೆ ಇಲ್ಲಿ ಬರೆಯಿರಿ, ಗೆದ್ದಲು ಸಿಕ್ಕರೆ ಲೆಕ್ಕಾಚಾರವೇ ಬೇರೆಯಾಗುತ್ತದೆ.