ಕಲೆ ಇರುವ ಜಾಗ ಬೇರೆ, ನೀರು ಇಳಿಯುವ ಜಾಗ ಬೇರೆ

ಪ್ರಶ್ನೆ: ಸರ್, ನಮ್ಮದು ತೀರ್ಥಹಳ್ಳಿ ಹತ್ತಿರ 14 ವರ್ಷ ಹಳೆಯ ಆರ್‌ಸಿಸಿ ಮನೆ. ಮೂರು ಮಳೆಗಾಲದಿಂದ ಹಾಲ್‌ನ ಮೂಲೆ ಸೋರುತ್ತಿದೆ. ಎರಡು ಸಲ ವಾಟರ್‌ಪ್ರೂಫ್ ಪೇಂಟ್ ಹೊಡೆಸಿದೆವು. ಅದು ಬೊಬ್ಬೆ ಎದ್ದು ಸಿಪ್ಪೆ ಸಿಪ್ಪೆಯಾಗಿ ಬರುತ್ತಿದೆ. ಈಗ ಮೇಸ್ತ್ರಿಯವರು ತಾರಸಿ ಮೇಲೆ ಪೂರ್ತಿ ತಗಡಿನ ಶೀಟ್ ಹಾಕಿಸಿಬಿಡಿ ಅಂತಿದ್ದಾರೆ. ಹಾಕಿಸಬಹುದಾ?

ಉತ್ತರ: ಹಾಕಿಸಬಹುದು ಅಮ್ಮ, ಆದರೆ ಮೊದಲ ಕೆಲಸ ಅದಲ್ಲ. ನೀರು ಎಲ್ಲಿಂದ ಒಳಗೆ ಇಳಿಯುತ್ತಿದೆ? ನಿಮ್ಮ ಪತ್ರದಲ್ಲಿ ಎಲ್ಲಾ ಇದೆ, ಅದೊಂದು ಇಲ್ಲ.

ಮೈಸೂರಿನ ನಮ್ಮ ಮನೆಯಲ್ಲೂ ಹೀಗೇ ಆಗಿತ್ತು. ದೇವರ ಕೋಣೆಯ ಸೀಲಿಂಗಿನಲ್ಲಿ ತಟ್ಟೆಯಗಲದ ಕಂದು ಕಲೆ. ಅದರ ನೇರ ಮೇಲೆ ಕೋಟಿಂಗ್ ಮಾಡಿಸಿದೆ. ನಿಲ್ಲಲಿಲ್ಲ. ಆಮೇಲೆ ಮೂರು ಸಂಜೆ ಬಕೆಟ್ ಹಿಡಿದು ತಾರಸಿಯ ಒಂದೊಂದೇ ಭಾಗಕ್ಕೆ ನೀರು ಹೊಯ್ದು ನೋಡಿದೆ. ಕಲೆಯಿಂದ ಒಂಬತ್ತು ಅಡಿ ದೂರದಲ್ಲಿ ಸೋಲಾರ್ ಹೀಟರಿನ ಸ್ಟ್ಯಾಂಡ್ ಇತ್ತು. ಅದರ ಕಾಲಿಗೆ ಬೋಲ್ಟ್ ಕೂರಿಸಲು ಡ್ರಿಲ್ ಮಾಡಿದ್ದ ತೂತಿನಿಂದ ನೀರು ಇಳಿದು, ಮೋಲ್ಡಿಗೂ (ಕಾಂಕ್ರೀಟ್ ಚಾವಣಿಗೂ) ಮೇಲಿನ ಗಾರೆಗೂ ನಡುವೆ ಹರಿದು, ದೇವರ ಕೋಣೆ ಮೇಲೆ ಹೊರಬರುತ್ತಿತ್ತು.

ನೀವೂ ಮಳೆ ಇಲ್ಲದ ದಿನಗಳಲ್ಲಿ ಹೀಗೇ ನೋಡಿ. ಕೆಳಗಿನಿಂದ ಶುರು ಮಾಡಿ. ಮೊದಲ ದಿನ ನೀರು ಹೋಗುವ ಪೈಪಿನ ಬಾಯಿ ಸುತ್ತ ಮಾತ್ರ ಹೊಯ್ಯಿರಿ. ಮಾರನೇ ದಿನ ತಾರಸಿಯ ನೆಲಕ್ಕೆ. ಕೊನೆಗೆ ಪ್ಯಾರಾಪೆಟ್ ಗೋಡೆಗೆ. ಪೈಪಿನ ಬಾಯಿ ಮುಚ್ಚಿ ನೀರು ನಿಲ್ಲಿಸುವುದಾದರೆ ಎರಡು ಇಂಚು ಸಾಕು. ಅಷ್ಟಕ್ಕೇ ಚದರ ಮೀಟರಿಗೆ 50 ಕೆ.ಜಿ. ಭಾರ ಬೀಳುತ್ತದೆ. ಆದರೆ ಸೀಲಿಂಗಿನಲ್ಲಿ ಕಾಂಕ್ರೀಟ್ ಉದುರಿ ಕಂಬಿ ಕಾಣುತ್ತಿದ್ದರೆ ನೀರು ನಿಲ್ಲಿಸಲೇಬೇಡಿ. ತುಕ್ಕು ಹಿಡಿದ ಕಂಬಿ ಉಬ್ಬಿ ಕಾಂಕ್ರೀಟನ್ನು ಸೀಳುತ್ತದೆ. ಅಂಥ ಮನೆಯನ್ನು ಎಂಜಿನಿಯರ್ ಬಂದು ನೋಡಬೇಕು.

ಹಾಲ್‌ನ ಮೂಲೆ ಅಂದಿದ್ದೀರಿ. ನನಗೆ ಮೊದಲ ಅನುಮಾನ ಪ್ಯಾರಾಪೆಟ್ ಮತ್ತು ಮೋಲ್ಡ್ ಸೇರುವ ಜಾಗದ ಮೇಲೆ. ಬಿಸಿಲಿಗೆ ಮೋಲ್ಡ್ ಹಿಗ್ಗುತ್ತದೆ, ರಾತ್ರಿ ಕುಗ್ಗುತ್ತದೆ, ಅದರ ಮೇಲೆ ಕಟ್ಟಿದ ಗೋಡೆ ಅದೇ ಲೆಕ್ಕದಲ್ಲಿ ಜರುಗುವುದಿಲ್ಲ. ಆ ಸಂದಿಯಲ್ಲಿ ಕೂದಲೆಳೆಯಷ್ಟು ಬಿರುಕು ಬಿಟ್ಟರೂ ಸಾಕು. ಬಿರುಕನ್ನು ಕೆತ್ತಿ ಅಗಲ ಮಾಡಿ ತುಂಬಿಸಿ. ಮೂಲೆಯುದ್ದಕ್ಕೂ ಗಾರೆಯಿಂದ ಓರೆಯಾಗಿ ಪಟ್ಟಿ ಕಟ್ಟಿಸಿ, ಕೋವಿಂಗ್ ಅಂತಾರಲ್ಲ, ಅದು. ಅದರ ಮೇಲೆ ಫೈಬರ್ ಜಾಲಿ ಇಟ್ಟು ಕೋಟಿಂಗ್ ಮಾಡಿ, ಗೋಡೆಯ ಮೇಲೂ ಒಂದು ಅಡಿ ಹತ್ತಿಸಬೇಕು.

ಪೇಂಟ್ ಬೊಬ್ಬೆ ಏಳಲು ಎರಡು ಕಾರಣ ಇರಬಹುದು. ಒಂದು, ಹೊಡೆಯುವಾಗ ತಾರಸಿ ಒಳಗೆ ಒದ್ದೆ ಇತ್ತು. ಮೇಲೆ ಒಣಗಿದ ಹಾಗೆ ಕಂಡರೆ ನಂಬಬೇಡಿ. ಒಂದೂವರೆ ಅಡಿ ಚೌಕದ ಪ್ಲಾಸ್ಟಿಕ್ ಹಾಳೆಯನ್ನು ಸಂಜೆ ನಾಲ್ಕೂ ಕಡೆ ಟೇಪ್ ಹಾಕಿ ಅಂಟಿಸಿ. ಮಾರನೇ ದಿನ ತೆಗೆದಾಗ ಅಡಿಯಲ್ಲಿ ಹನಿ ಕಂಡರೆ ಇನ್ನೂ ಕಾಯಬೇಕು. ಎರಡು, ವಾಟ ಸರಿಯಿಲ್ಲ. ಹತ್ತು ಅಡಿಗೆ ಒಂದೂಕಾಲು ಇಂಚಾದರೂ ಇಳಿಜಾರು ಬೇಕು. ನೀರು ದಿನಗಟ್ಟಲೆ ನಿಲ್ಲುವ ಜಾಗದಲ್ಲಿ ಸಾಮಾನ್ಯ ಅಕ್ರಿಲಿಕ್ ಪೇಂಟ್ ಬಾಳುವುದಿಲ್ಲ, ಎಷ್ಟೇ ದುಬಾರಿಯದಾದರೂ.

ಇನ್ನು ಶೀಟ್. ನಿಮ್ಮ ತಾಲ್ಲೂಕಿನ ಆಗುಂಬೆಯಲ್ಲಿ ಸರಾಸರಿ ಮಳೆ ವರ್ಷಕ್ಕೆ 7,000 ಮಿ.ಮೀ.ಗೂ ಜಾಸ್ತಿ. ಅಂಥ ಸೀಮೆಯಲ್ಲಿ ಶೀಟ್ ಹಾಕಿಸುವುದು ಜಾಣತನವೇ, ಅಡಿಕೆ, ಬಟ್ಟೆ ಒಣಗಿಸಲೂ ಜಾಗ ಆಗುತ್ತದೆ. ಆದರೆ ಅದು ಪ್ಯಾರಾಪೆಟ್‌ನಿಂದ ಎರಡು ಅಡಿಯಾದರೂ ಹೊರಗೆ ಚಾಚಿರಲಿ. ಇಲ್ಲದಿದ್ದರೆ ಗಾಳಿಮಳೆ ಅದೇ ಗೋಡೆಗೆ ಬಡಿದು ಅದೇ ಸಂದಿಯಿಂದ ಇಳಿಯುತ್ತದೆ. ಶೀಟ್ ಹೊರುವ ಸ್ಟ್ಯಾಂಡಿನ ಕಾಲುಗಳಿಗೆ ಮೋಲ್ಡಿನಲ್ಲಿ ತೂತು ಕೊರೆಯಲು ದಯವಿಟ್ಟು ಬಿಡಬೇಡಿ. ಸಣ್ಣ ಕಾಂಕ್ರೀಟ್ ಪೀಠ ಕಟ್ಟಿ ಅದರೊಳಗೆ ಬೋಲ್ಟ್ ಕೂರಿಸಲಿ.

ಪ್ರಶ್ನೆ: ಚಳ್ಳಕೆರೆ ಕಡೆ ನಮ್ಮ ಅಜ್ಜಿಯ ಮಣ್ಣಿನ ಮಾಳಿಗೆ ಮನೆ ಇದೆ. ಎರಡು ಕಡೆ ತೊಟ್ಟಿಕ್ಕುತ್ತದೆ. ಮೇಲೆ ಎರಡು ಇಂಚು ಕಾಂಕ್ರೀಟ್ ಹಾಕಿಸಿದರೆ ಹೇಗೆ?

ಉತ್ತರ: ಬೇಡಪ್ಪ. ಎರಡು ಇಂಚು ಕಾಂಕ್ರೀಟ್ ಅಂದರೆ ಚದರ ಮೀಟರಿಗೆ ಸುಮಾರು 120 ಕೆ.ಜಿ. ಹಳೆಯ ತೊಲೆಗಳು ಅದನ್ನು ಹೊರಬೇಕು. ಮರ, ಮಣ್ಣು ಸ್ವಲ್ಪ ಬಾಗುತ್ತವೆ, ಕಾಂಕ್ರೀಟ್ ಬಾಗದೆ ಬಿರುಕು ಬಿಡುತ್ತದೆ. ಬಿರುಕಿನಿಂದ ಇಳಿದ ನೀರು ಬೇಗ ಆರುವುದಿಲ್ಲ, ತೊಲೆ ಒಳಗೊಳಗೇ ಕೊಳೆಯುತ್ತದೆ.

ಅಜ್ಜಿಯನ್ನೇ ಕೇಳಿ, ಮಳೆಗೆ ಮುಂಚೆ ಮಾಳಿಗೆ ಮೇಲೆ ಕರಲು ಮಣ್ಣು, ಅಂದರೆ ಚೌಳು ಮಣ್ಣು ಹಾಕುತ್ತಿದ್ದುದು ಅವರಿಗೆ ನೆನಪಿರುತ್ತದೆ. ಆ ಮಣ್ಣಿನಲ್ಲಿ ಸೋಡಿಯಂ ಜಾಸ್ತಿ. ಮೊದಲ ಮಳೆಗೆ ಅದರ ಜೇಡಿಯ ಕಣಗಳು ಬಿಡಿಬಿಡಿಯಾಗಿ ಹರಡಿ ಸಣ್ಣ ಸಣ್ಣ ರಂಧ್ರಗಳನ್ನು ಮುಚ್ಚಿಬಿಡುತ್ತವೆ. ಕಡಿಮೆ ಮಳೆಯ ನಿಮ್ಮ ಸೀಮೆಗೆ ಹೇಳಿ ಮಾಡಿಸಿದ ಹಾಗಿದೆ. ಮೊದಲು ಮಾಳಿಗೆ ಮೇಲೆ ಬೆಳೆದ ಹುಲ್ಲನ್ನು ಬೇರು ಸಮೇತ ಕಿತ್ತು, ಆ ಗುಳಿಗಳನ್ನು ತುಂಬಿ ಬಡಿದು ಗಟ್ಟಿ ಮಾಡಿ. ಆಮೇಲೆ ಕರಲು ಮಣ್ಣು ಹರಡಿ. ತೊಟ್ಟಿಕ್ಕುವ ಎರಡು ಜಾಗದ ತೊಲೆಗಳಿಗೆ ಚಾಕು ಚುಚ್ಚಿ ನೋಡಿ. ಮೆತ್ತಗೆ ಒಳಗೆ ಹೋದರೆ ತಡ ಮಾಡದೆ ಬಡಗಿಯನ್ನು ಕರೆಸಿ.