ಓದುಗರ ಪ್ರಶ್ನೆ, ನಮ್ಮ ಉತ್ತರ: ಆಸ್ಟ್ರೇಲಿಯದ ಹೊಳೆದಂಡೆಯ ಊರು, ಹಬ್ಬ, ಗಾಳ

ಪ್ರಶ್ನೆ: ಮಗಳು ಮೆಲ್ಬರ್ನಿನಲ್ಲಿದ್ದಾಳೆ. ಅವಳಿಗೆ ಕಾರಿಲ್ಲ. ಎರಡು ದಿನದಲ್ಲಿ ನೋಡಿ ಬರುವಂಥ ಹಳೇ ಹೊಳೆದಂಡೆಯ ಊರು ಯಾವುದು? (ಶಿರಸಿಯ ಓದುಗರು)

ಉತ್ತರ: ಎಚೂಕಾ. ಮರ್ರೆ ನದಿಯ ದಂಡೆಯಲ್ಲಿ, ಮೆಲ್ಬರ್ನಿನಿಂದ ಉತ್ತರಕ್ಕೆ ಸುಮಾರು 220 ಕಿ.ಮೀ. ಮೆಲ್ಬರ್ನಿನ ಸದರ್ನ್ ಕ್ರಾಸ್ ನಿಲ್ದಾಣದಿಂದ ವಿ/ಲೈನ್ (ಹೊರ ಊರುಗಳಿಗೆ ಹೋಗುವ ಗಾಡಿ) ರೈಲಿದೆ. ನೇರ ಗಾಡಿಗಳು ಕಡಿಮೆ, ಉಳಿದವಕ್ಕೆ ಬೆಂಡಿಗೋದಲ್ಲಿ ಇಳಿದು ಹತ್ತಬೇಕು. 2023ರಿಂದ ಮೆಲ್ಬರ್ನ್ ಇರುವ ವಿಕ್ಟೋರಿಯ ರಾಜ್ಯದ ಊರುಗಳ ರೈಲು ದರಕ್ಕೆ ಮೆಲ್ಬರ್ನಿನ ದಿನದ ಟಿಕೆಟ್ಟಿನ ಮಿತಿ ಹಾಕಿದ್ದಾರೆ, ಹಾಗಾಗಿ ಇಷ್ಟು ದೂರಕ್ಕೂ ಜೇಬಿಗೆ ಭಾರವಿಲ್ಲ.

ಮೊದಲು ಧಕ್ಕೆಗೆ ಹೋಗಿ. 1864ರಲ್ಲಿ ರೈಲು ಇಲ್ಲಿಗೆ ಮುಟ್ಟಿತು, ಮರುವರ್ಷವೇ ರೆಡ್ ಗಮ್ ಎಂಬ ನೀಲಗಿರಿ ಜಾತಿಯ ಮರದ ಈ ಧಕ್ಕೆ ಕಟ್ಟಲು ಹಿಡಿದರು. ಒಳನಾಡಿನ ಉಣ್ಣೆ ದೋಣಿಯಲ್ಲಿ ಬಂದು ಇಲ್ಲಿ ರೈಲು ಹತ್ತುತ್ತಿತ್ತು. ಧಕ್ಕೆಗೆ ಒಂದರ ಮೇಲೊಂದು ಅಂತಸ್ತು ಯಾಕೆಂದು ಕೆಳಗಿಳಿದು ನೋಡಿದರೆ ತಿಳಿಯುತ್ತದೆ: ನದಿಯ ಮಟ್ಟ ಬೇಸಿಗೆಗೂ ನೆರೆಗೂ ಹಲವು ಮೀಟರ್ ಏರಿಳಿಯುತ್ತದೆ, ನೀರು ಎಲ್ಲಿದ್ದರೂ ಸರಕು ಇಳಿಸಲು ಆಗಬೇಕಿತ್ತು. 1866ರಲ್ಲಿ ಕಟ್ಟಿದ ‘ಅಡಿಲೇಡ್’ ಎಂಬ ಮರದ ಪ್ಯಾಡಲ್ ಸ್ಟೀಮರ್ (ಚಕ್ರ ತಿರುಗಿಸಿ ಸಾಗುವ ಉಗಿದೋಣಿ) ಇನ್ನೂ ಇಲ್ಲಿದೆ. ಎಲ್ಲ ದೋಣಿಗಳೂ ದಿನಾ ಹೊರಡುವುದಿಲ್ಲ. ಟಿಕೆಟ್ ಕೊಳ್ಳುವಾಗ, ಇವತ್ತು ಸೌದೆ ಉರಿಸಿ ಓಡುವುದು ಯಾವುದು ಎಂದು ಕೇಳಿ ಅದನ್ನೇ ಹತ್ತಿ. ಒಂದು ತಾಸಿನ ಸುತ್ತು ಸಾಕು. ಊಟ ಸೇರಿದ ದುಬಾರಿ ಸುತ್ತಿನಲ್ಲಿ ಎಂಜಿನ್ನಿಗಿಂತ ತಟ್ಟೆ ನೋಡುವುದೇ ಹೆಚ್ಚು.

ಹಬ್ಬ ಬೇಕಿದ್ದರೆ ಜುಲೈನ ವಿಂಟರ್ ಬ್ಲೂಸ್ ಸಂಗೀತ. ಅಲ್ಲಿ ಆಗ ಚಳಿಗಾಲ, ಸ್ವೆಟರ್ ಒಂದೇ ಸಾಲದು. ಫೆಬ್ರವರಿಯಲ್ಲಿ ಸದರ್ನ್ 80 ಎಂಬ ನೀರಿನ ಸ್ಕೀ ಪಂದ್ಯ (ವೇಗದ ದೋಣಿಯ ಹಿಂದೆ ಹಗ್ಗ ಹಿಡಿದು ನೀರಿನ ಮೇಲೆ ಜಾರುವುದು) ನಡೆಯುತ್ತದೆ. ಅದರ ಆಸಕ್ತಿ ಇಲ್ಲದಿದ್ದರೆ ಆ ವಾರಾಂತ್ಯ ಬಿಟ್ಟುಬಿಡಿ, ದಂಡೆಯ ತುಂಬ ಸದ್ದು. ಇಂಥ ದಿನಗಳಲ್ಲಿ ಅಲ್ಲಿ ಕೋಣೆ ಹುಡುಕುವುದೆಂದರೆ ಮಾರಿಕಾಂಬಾ ಜಾತ್ರೆಯ ವಾರ ಶಿರಸಿಯಲ್ಲಿ ಲಾಡ್ಜ್ ಹುಡುಕಿದ ಹಾಗೆ. ವಿಮಾನದ ಟಿಕೆಟ್ಟಿಗೂ ಮೊದಲು ಕೋಣೆ ಹಿಡಿಯಿರಿ. ಸೆಪ್ಟೆಂಬರ್‌ನಿಂದ ನವೆಂಬರ್‌ವರೆಗೆ ಹೋಗುವವರು ನದಿಯ ಮಟ್ಟ ವಿಚಾರಿಸಿಕೊಳ್ಳಬೇಕು. 2022ರ ಅಕ್ಟೋಬರ್‌ನಲ್ಲಿ ನೆರೆ ಬಂದು ಊರಿನ ನಡುವೆಯೇ ಮಣ್ಣಿನ ಒಡ್ಡು ಹಾಕಬೇಕಾಯಿತು.

ಪ್ರಶ್ನೆ: ಸಿಡ್ನಿಯಿಂದ ಗ್ರಾಫ್ಟನ್ನಿನ ನೇರಳೆ ಹೂವಿನ ಹಬ್ಬಕ್ಕೆ ಹೋಗಬೇಕೆಂದಿದ್ದೇವೆ. ಎಲ್ಲೂ ಕೋಣೆ ಇಲ್ಲ. (ಕಾರವಾರದ ಓದುಗರು)

ಉತ್ತರ: ಜಕರಂಡಾ ಹಬ್ಬ 1935ರಿಂದ ನಡೆದುಬಂದದ್ದು. ಅಕ್ಟೋಬರ್ ಕೊನೆ, ನವೆಂಬರ್ ಆರಂಭ. ಕೋಣೆ ಸಿಗದಿದ್ದರೆ ಕ್ಲಾರೆನ್ಸ್ ನದಿಯ ಗುಂಟ ಕೆಳಗಿರುವ ಮೆಕ್ಲೀನ್ ಅಥವಾ ಸಮುದ್ರದಂಡೆಯ ಯಾಂಬಾದಲ್ಲಿ ವಿಚಾರಿಸಿ, ದಕ್ಷಿಣಕ್ಕೆ ಕಾಫ್ಸ್ ಹಾರ್ಬರ್ ಇನ್ನೂ ದೊಡ್ಡ ಊರು. ಅಲ್ಲಿಂದ ಓಡಾಡಲು ಕಾರು ಬೇಕೇ ಬೇಕು. ಸಿಡ್ನಿಯಿಂದ ರೈಲಿಗೆ ಹತ್ತು ತಾಸಿನ ಆಸುಪಾಸು. ಸಿಡ್ನಿಯ ಬಸ್ಸು, ರೈಲುಗಳಲ್ಲಿ ಬಳಸುವ ಓಪಲ್ ಕಾರ್ಡು ಈ ಗಾಡಿಗೆ ನಡೆಯುವುದಿಲ್ಲ, ಸೀಟು ಮುಂಗಡ ಕಾದಿರಿಸಬೇಕು.

ಹಬ್ಬದ ತಾರೀಕು ಮೊದಲೇ ಗೊತ್ತಾಗುತ್ತದೆ, ಹೂವಿನದು ಹಾಗಲ್ಲ. ಒಂದು ಜೋರು ಮಳೆ ಬಂದರೆ ಹೂವೆಲ್ಲ ನೆಲಕ್ಕೆ. ಮರ ನೋಡಲು ವಾರದ ನಡುವೆ, ಬೆಳಿಗ್ಗೆ ಬೇಗ ಹೋಗಿ. ಸೀ ಪಾರ್ಕ್ ಮತ್ತು ಪೌಂಡ್ ಸ್ಟ್ರೀಟ್ ಎರಡೂ ಸಾಕು. ಜನರನ್ನು ನೋಡಬೇಕಾದರೆ ‘ಜಕರಂಡಾ ಗುರುವಾರ’ ತಪ್ಪಿಸಬೇಡಿ, ಅಂಗಡಿಯವರೆಲ್ಲ ವೇಷ ಹಾಕಿರುತ್ತಾರೆ. ಪೌಂಡ್ ಸ್ಟ್ರೀಟಿನಲ್ಲಿ ವಾಹನ ಓಡುತ್ತಲೇ ಇರುತ್ತದೆ, ಫೋಟೋಕ್ಕೆಂದು ರಸ್ತೆ ನಡುವೆ ನಿಲ್ಲುವುದು ಬೇಡ. ಹೊಳೆಯ ಮೇಲೆ 1932ರ ಎರಡಂತಸ್ತಿನ ಸೇತುವೆ ಇದೆ: ಮೇಲೆ ರಸ್ತೆ, ಕೆಳಗೆ ರೈಲು. ನೀರಿಗೆ ಮಾತ್ರ ಇಳಿಯಬೇಡಿ, ಸಮುದ್ರದಿಂದ ಇಷ್ಟು ಒಳಗೂ ಬುಲ್ ಶಾರ್ಕ್ ಬರುತ್ತದೆ.

ಪ್ರಶ್ನೆ: ಮರ್ರೆ ನದಿಯಲ್ಲಿ ಗಾಳ ಹಾಕಬಹುದೇ? ಬೀಸುಬಲೆ ಒಯ್ಯಲೇ? (ಅಂಕೋಲೆಯ ಓದುಗರು)

ಉತ್ತರ: ಬಲೆ ಮನೆಯಲ್ಲೇ ಇರಲಿ, ನದಿಯ ಉತ್ತರ ದಂಡೆಯ ನ್ಯೂ ಸೌತ್ ವೇಲ್ಸ್ ರಾಜ್ಯದಲ್ಲಿ ಹವ್ಯಾಸಿಗಳಿಗೆ ಬೀಸುಬಲೆ ನಿಷಿದ್ಧ. ಗಾಳ ಹಾಕಬಹುದು. ಹಲವರು ಎಡವುವುದು ಇಲ್ಲಿ: ಎಚೂಕಾ ಇರುವುದು ವಿಕ್ಟೋರಿಯದಲ್ಲಿ, ಆದರೆ ನದಿಯ ನೀರು ದಕ್ಷಿಣ ದಂಡೆಯವರೆಗೂ ನ್ಯೂ ಸೌತ್ ವೇಲ್ಸಿಗೆ ಸೇರಿದ್ದು. ಆದ್ದರಿಂದ ವಿಕ್ಟೋರಿಯದ ದಂಡೆಯ ಮೇಲೆ ನಿಂತು ಮರ್ರೆಗೆ ಗಾಳ ಎಸೆದರೂ ಬೇಕಾದದ್ದು ನ್ಯೂ ಸೌತ್ ವೇಲ್ಸಿನ ಪರವಾನಗಿ. ಮೂರು ದಿನದ್ದೂ ಸಿಗುತ್ತದೆ, ಫೋನಿನಲ್ಲೇ ಹಣ ಕಟ್ಟಬಹುದು. 18 ತುಂಬದವರಿಗೆ ಬೇಡ.

ಅಲ್ಲಿನ ದೊಡ್ಡ ಮೀನು ಮರ್ರೆ ಕಾಡ್. ಸೆಪ್ಟೆಂಬರ್ 1ರಿಂದ ನವೆಂಬರ್ 30ರವರೆಗೆ ಮೊಟ್ಟೆ ಇಡುವ ಕಾಲವೆಂದು ಅದನ್ನು ಹಿಡಿಯುವಂತಿಲ್ಲ. ಉಳಿದ ದಿನಗಳಲ್ಲೂ 55ರಿಂದ 75 ಸೆಂ.ಮೀ. ಉದ್ದದ್ದನ್ನು ಮಾತ್ರ ಇಟ್ಟುಕೊಳ್ಳಬಹುದು. ಚಿಕ್ಕದನ್ನಷ್ಟೇ ಅಲ್ಲ, ದೊಡ್ಡದನ್ನೂ ಬಿಡಬೇಕು, ಯಾಕೆಂದರೆ ಹೆಚ್ಚು ಮೊಟ್ಟೆ ಇಡುವುದು ದೊಡ್ಡ ಹೆಣ್ಣು. ಕಾರ್ಪ್ ಸಿಕ್ಕರೆ ತಿರುಗಿ ನೀರಿಗೆ ಬಿಡಬೇಡಿ, ಅದು ಹೊರಗಿನಿಂದ ಬಂದು ನದಿಯನ್ನು ಕೆಡಿಸಿದ ಮೀನು. ದಂಡೆಯ ರೆಡ್ ಗಮ್ ಮರದ ಕೆಳಗೆ ಡೇರೆ ಹಾಕುವುದು, ಕೂತು ಉಣ್ಣುವುದು ಎರಡೂ ಬೇಡ. ಗಾಳಿ ಇಲ್ಲದ ದಿನವೂ ದೊಡ್ಡ ಕೊಂಬೆ ಮುರಿದು ಬೀಳುತ್ತದೆ. ಹಾಗೆ ಬಿದ್ದ ಮರಗಳು ನೀರಿನಡಿ ಇರುತ್ತವೆ, ಈಜು ಬಲ್ಲವರೂ ಸಿಕ್ಕಿಕೊಳ್ಳುವುದು ಅವಕ್ಕೇ.

ಪ್ರಶ್ನೆ: ನಾವು ಮೊಟ್ಟೆಯನ್ನೂ ತಿನ್ನುವವರಲ್ಲ. ಅಪ್ಪೆಮಿಡಿ ಉಪ್ಪಿನಕಾಯಿ ಒಯ್ಯಬಹುದೇ? (ಸಿದ್ದಾಪುರದ ಓದುಗರು)

ಉತ್ತರ: ಉಪ್ಪಿನಕಾಯಿಯೇ ಇರಲಿ, ತಿನ್ನುವ ಬೇರೆ ಯಾವುದೇ ವಸ್ತು ಇರಲಿ, ವಿಮಾನದಲ್ಲಿ ಕೊಡುವ ಕಾರ್ಡಿನಲ್ಲಿ ‘ಇದೆ’ ಎಂದು ಬರೆಯಿರಿ. ಬರೆದು ತೋರಿಸಿದರೆ ಹೆಚ್ಚೆಂದರೆ ಅದನ್ನು ಇಟ್ಟುಕೊಳ್ಳುತ್ತಾರೆ, ಮುಚ್ಚಿಟ್ಟರೆ ಸಾವಿರಾರು ಡಾಲರ್ ದಂಡ. ಹಾಲಿನ ಸಿಹಿ, ಹಸಿ ಕರಿಬೇವು, ಬಿತ್ತುವ ಬೀಜ ಬೇಡವೇ ಬೇಡ.

ಉಳಿಯಲು ಮೋಟೆಲ್ಲಿಗಿಂತ ಕ್ಯಾರವಾನ್ ಪಾರ್ಕಿನ ಕ್ಯಾಬಿನ್ ಹಿಡಿಯಿರಿ, ಅಡುಗೆಮನೆ ಇರುತ್ತದೆ. ಸಣ್ಣ ಊರಿನ ಪಬ್ಬುಗಳ ಅಡುಗೆಮನೆ ರಾತ್ರಿ ಎಂಟೂವರೆಯೊಳಗೆ ಮುಚ್ಚುವುದು ಸಾಮಾನ್ಯ, ಆಲೂ ಚಿಪ್ಸನ್ನು ಮಾಂಸ ಕರಿದ ಎಣ್ಣೆಯಲ್ಲೇ ಕರಿಯುವುದೂ ಇದೆ, ಕೇಳಿಯೇ ತಿನ್ನಿ. ಹಬ್ಬದಲ್ಲಿ ಮಹಿಳಾ ಸಂಘದವರ ಸ್ಕೋನ್ (ಬನ್ನಿನಂಥ ತಿನಿಸು) ಅಂಗಡಿ ಸಿಗಬಹುದು. ಸ್ಕೋನಿಗೆ ಸಾಮಾನ್ಯವಾಗಿ ಹಿಟ್ಟು, ಹಾಲು, ಬೆಣ್ಣೆ ಸಾಕು, ಆದರೂ ಕೆಲವರು ಮೊಟ್ಟೆ ಹಾಕುತ್ತಾರೆ. ಲ್ಯಾಮಿಂಗ್ಟನ್ ಎಂಬ ಕೇಕಿನಲ್ಲಿ ಮೊಟ್ಟೆ ಇದ್ದೇ ಇರುತ್ತದೆ.

ಪ್ರಶ್ನೆ: ಕಾರು ನಾವೇ ಓಡಿಸಬಹುದೇ? (ಹೊನ್ನಾವರದ ಓದುಗರು)

ಉತ್ತರ: ಓಡಿಸಬಹುದು, ಅಲ್ಲೂ ಎಡಬದಿಯೇ. ಇಂಗ್ಲಿಷಿನಲ್ಲಿರುವ ನಿಮ್ಮ ಲೈಸೆನ್ಸು ಪ್ರವಾಸಿಗರಿಗೆ ಸಾಕು. ಮುಸ್ಸಂಜೆ, ಬೆಳಗಿನ ಜಾವ ಕಾಂಗರೂ ಅಡ್ಡ ಬರುತ್ತದೆ. ಬ್ರೇಕ್ ಒತ್ತಿ, ಸ್ಟೇರಿಂಗ್ ತಿರುಗಿಸಬೇಡಿ, ಕಾರು ಪಲ್ಟಿಯಾಗುವುದು ತಿರುಗಿಸಿದಾಗಲೇ. ಬಾಡಿಗೆ ಕಾರಿನ ವಿಮೆ ಮಣ್ಣುರಸ್ತೆಗೂ ರಾತ್ರಿಗೂ ಅನ್ವಯಿಸುತ್ತದೆಯೇ ಎಂದು ಸಹಿ ಹಾಕುವ ಮೊದಲು ಓದಿ.